ಕಾರು ಹೊರಡದಿದ್ದರೆ
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಕಾರಿನ ವಿಷಯ ಬರೆಯಹೊರಟರೆ ಸಹಪಾಠಿಗಳು ನಕ್ಕಾರು. ಗುರುಗಳು 'ಇದು ನಿನ್ನ ಪಾಠವಲ್ಲ' ಎಂದಾರು. ಆದರೆ ನನ್ನ ತಂದೆಯವರು ಬಾಡಿಗೆ ಕಾರಿನ ಚಾಲಕರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಪುಸ್ತಕಕ್ಕೂ ಶುಲ್ಕಕ್ಕೂ ಹಣ ಒದಗಿದ್ದು ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರಿನಿಂದ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದು ಇನ್ನೂ ಓಡುತ್ತಿದೆ.

ಎರಡು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ ಅದು ಹೊರಡಲಿಲ್ಲ. ಗ್ಯಾರೇಜಿನವರೊಬ್ಬರು ಬಾನೆಟ್ ಎತ್ತಿದವರೇ 'ಬ್ಯಾಟರಿ ಹೋಗಿದೆ' ಎಂದುಬಿಟ್ಟರು. ನನ್ನ ಪರೀಕ್ಷಾ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣ ಹೊಸ ಬ್ಯಾಟರಿಗೆ ಹೋಯಿತು. ಎಂಟೇ ದಿನಗಳಲ್ಲಿ ಕಾರು ಮತ್ತೆ ನಿಂತಿತು. ಆ ರಾತ್ರಿ ತಂದೆಯವರು ಕಾರಿನ ಇಂಗ್ಲಿಷ್ ಕೈಪಿಡಿಯನ್ನು ನನ್ನ ಕೈಗಿತ್ತು, 'ಓದಪ್ಪಾ, ಏನು ಬರೆದಿದ್ದಾರೆ ನೋಡೋಣ' ಎಂದರು. ನನಗೆ ಅಕ್ಷರ ಗೊತ್ತು, ವಸ್ತು ಗೊತ್ತಿಲ್ಲ. ಅವರಿಗೆ ವಸ್ತು ಗೊತ್ತು, ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಟಾರ್ಚಿನ ಬೆಳಕಿನಲ್ಲಿ ಇಬ್ಬರೂ ಸೇರಿ ಒಂದೊಂದೇ ತಂತಿಯನ್ನು ಹಿಡಿದು ನೋಡಿದೆವು. ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ಅರ್ತ್ ಪಟ್ಟಿ ತುಕ್ಕು ಹಿಡಿದಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿದೊಡನೆ ಕಾರು ಹೊರಟಿತು. ಊಹೆಗೂ ಪರೀಕ್ಷೆಗೂ ಇರುವ ಅಂತರ ನನಗೆ ಅಂದು ತಿಳಿಯಿತು. ಈ ಲೇಖನದ ಉದ್ದೇಶವೂ ಅಷ್ಟೇ.

ಮೊದಲು ಯಂತ್ರದ ಮರ್ಮವನ್ನು ತಿಳಿಯೋಣ. ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಪೂರ್ತಿ ಚಾರ್ಜಾದಾಗ ಒಟ್ಟು ಸುಮಾರು 12.6 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಈ ಅಂತರವನ್ನು ತುಂಬುವುದು ಕಾಯಿಲ್. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಕೂಡಿದಾಗ ಕಾಯಿಲ್‌ನಲ್ಲಿ ವಿದ್ಯುತ್ತು ಹರಿಯುತ್ತದೆ; ಬಿಡಿಸಿಕೊಂಡ ಕ್ಷಣದಲ್ಲಿ, ಫ್ಯಾರಡೆಯು 1831ರಲ್ಲಿ ಕಂಡ ಪ್ರೇರಣೆಯ ನಿಯಮದಂತೆ, ಎರಡನೆಯ ಸುತ್ತಿನಲ್ಲಿ ಭಾರೀ ಒತ್ತಡ ಹುಟ್ಟುತ್ತದೆ. ರೋಟರ್ ಅದನ್ನು 1, 3, 4, 2 ಎಂಬ ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು ಬೇಕು!

ಈಗ ಪರೀಕ್ಷೆಯ ಕ್ರಮ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ದೀಪ ಹಾಕಿ ಸೆಲ್ಫ್ ಹೊಡೆಯಿರಿ. ದೀಪವೇ ಹತ್ತದಿದ್ದರೆ, ಅಥವಾ ಹತ್ತಿದ್ದು ಪೂರ್ತಿ ಮಂಕಾದರೆ, ಬ್ಯಾಟರಿಯನ್ನೋ ಅದರ ಟರ್ಮಿನಲ್ಲನ್ನೋ ಸಂಶಯಿಸಬೇಕು. ದೀಪ ಮಂಕಾಗದೆ ಸೆಲ್ಫ್ ಮಾತ್ರ ಸುಮ್ಮನಿದ್ದರೆ ತಪ್ಪು ಸೆಲ್ಫ್, ಅದರ ಸ್ವಿಚ್ಚು, ತಂತಿ ಅಥವಾ ಎಂಜಿನ್ನಿನ ಅರ್ತ್ ಪಟ್ಟಿಯಲ್ಲಿದೆ. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಇಲ್ಲ.

'ಹಾರ್ನ್ ಚೆನ್ನಾಗಿ ಕೂಗುತ್ತದೆ, ಬ್ಯಾಟರಿ ಸರಿಯಾಗಿದೆ' ಎನ್ನುವವರುಂಟು. ಇದು ಸಾಕ್ಷ್ಯವಲ್ಲ. ಹಾರ್ನಿಗೂ ದೀಪಕ್ಕೂ ಕೆಲವೇ ಆಂಪಿಯರ್ ಸಾಕು. ಸೆಲ್ಫ್‌ಗೆ ನೂರಕ್ಕೂ ಮಿಕ್ಕು ಬೇಕು. ಹೂವು ಕಟ್ಟಿದ ಟರ್ಮಿನಲ್ಲಿನ ಕಿರಿದಾದ ದಾರಿಯಲ್ಲಿ ಸ್ವಲ್ಪ ವಿದ್ಯುತ್ತು ದಾಟೀತು, ಹೆಚ್ಚು ದಾಟಲಾರದು. ಸೆಲ್ಫ್ ಹೊಡೆದ ಮೇಲೆ ಬಿಸಿಯಾದ ಸಂದು ಇದ್ದರೆ ತಪ್ಪು ಅಲ್ಲಿಯೇ. ಟರ್ಮಿನಲ್ ಬಿಚ್ಚುವಾಗ ಕಾರಿನ ಮೈಗೆ ಸೇರಿದ ಅರ್ತ್ ತಂತಿಯನ್ನು ಮೊದಲು ತೆಗೆದು, ಕೊನೆಗೆ ಜೋಡಿಸಬೇಕು. ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದು; ಬಳಿಯಲ್ಲಿ ಬೀಡಿ ಬೆಂಕಿ ಕೂಡದು.

ಕಿಡಿಯ ಪರೀಕ್ಷೆ ಹಳೆಯ ಬಗೆಯ ಕಾರಿಗೆ ಮಾತ್ರ ಹೇಳಿದ್ದು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ನಡುವಿಗೆ ಬರುವ ದಪ್ಪ ತಂತಿಯನ್ನು ಕಿತ್ತು, ರಬ್ಬರು ಹಿಡಿಯ ಇಕ್ಕುಳದಲ್ಲಿ ಹಿಡಿದು, ಎಂಜಿನ್ನಿನ ಲೋಹಕ್ಕೆ ಸುಮಾರು 6 ಮಿಲಿಮೀಟರ್ ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಪೆಟ್ರೋಲ್ ವಾಸನೆ ಇದ್ದಲ್ಲಿ ಇದನ್ನು ಮಾಡಲೇಬಾರದು. ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ನಿರ್ದೋಷಿಗಳು. ಮುಂದೆ ಡಿಸ್ಟ್ರಿಬ್ಯೂಟರ್ ಮುಚ್ಚಳ, ರೋಟರ್, ಪ್ಲಗ್ಗುಗಳನ್ನು ನೋಡಬೇಕು. ಮಳೆಗಾಲದಲ್ಲಿ ಮುಚ್ಚಳದೊಳಗೆ ತೇವ ಕೂತು ಕಿಡಿ ದಾರಿತಪ್ಪುವುದುಂಟು. ಒಣಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ. ಕಿಡಿ ಹಾರದಿದ್ದರೆ ಮೊದಲು ಪಾಯಿಂಟ್ ನೋಡಿ. ಅದರ ಸಂದು 0.35ರಿಂದ 0.40 ಮಿಲಿಮೀಟರ್, ಪ್ಲಗ್ಗಿನ ಸಂದು ಸುಮಾರು 0.6 ಮಿಲಿಮೀಟರ್ ಇರಬೇಕು. ಪಾಯಿಂಟ್ ಮೇಲಿಂದಮೇಲೆ ಸುಟ್ಟು ಕಿಡಿ ಹಳದಿಯಾದರೆ ಕಂಡೆನ್ಸರ್ ಕೆಟ್ಟಿರಬಹುದು.

ಕಾರು ಹೊರಟ ಮೇಲೂ ಕೆಂಪು ದೀಪ ಆರದಿದ್ದರೆ ಫ್ಯಾನ್ ಬೆಲ್ಟು ಸಡಿಲವಾಗಿದೆಯೇ, ಹರಿದಿದೆಯೇ ನೋಡಬೇಕು. ಬ್ಯಾಟರಿಗೆ ಚಾರ್ಜು ಬರುತ್ತಿಲ್ಲ ಎಂದು ಅದರ ಅರ್ಥ. ಫ್ಯೂಜ್ ಹೋದರೆ ಅದೇ ಅಳತೆಯದನ್ನೇ ಹಾಕಬೇಕು. ದಪ್ಪ ತಂತಿ ಸುತ್ತಿದರೆ ದೀಪ ಹತ್ತೀತು, ಜೊತೆಗೆ ಕಾರೂ ಹತ್ತೀತು.

ಈಗಿನ ಕಾರುಗಳಲ್ಲಿ ಪಾಯಿಂಟ್ ಇಲ್ಲ. ಕಿಡಿಯ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನ ನೋಡಿಕೊಳ್ಳುತ್ತದೆ. ಅಲ್ಲಿ ತಂತಿ ಕಿತ್ತು ಕಿಡಿ ನೋಡಹೋದರೆ ಬೆಲೆಬಾಳುವ ಸಾಧನ ಸುಟ್ಟೀತು. ಆದರೆ ಬ್ಯಾಟರಿ, ಟರ್ಮಿನಲ್, ಅರ್ತ್, ಫ್ಯೂಜ್ ಈ ನಾಲ್ಕು ಅಲ್ಲಿಯೂ ಇವೆ. ಮೊದಲು ನೋಡಬೇಕಾದವೂ ಅವೇ.

ಮಿತ್ರರೇ, ತರಗತಿಯಲ್ಲಿ ನಾವು ಪ್ರಮಾಣವಿಲ್ಲದೆ ತೀರ್ಮಾನ ಕೂಡದೆಂದು ಓದುತ್ತೇವೆ. ಆ ಮಾತಿನ ಬೆಲೆ ಎಷ್ಟೆಂದು ನಮ್ಮ ಮನೆಯಲ್ಲಿ ಹಣ ತೆತ್ತು ಕಲಿತೆವು. ಆ ವರ್ಷದ ಶುಲ್ಕವನ್ನು ತಂದೆಯವರು ಸಾಲ ತಂದು ಕಟ್ಟಿದರು. ಈಗ ಯಾರಾದರೂ 'ಇದು ಹೋಗಿದೆ, ಹೊಸದು ಹಾಕಿ' ಎಂದರೆ, ಅವರು ಶಾಂತವಾಗಿ ಕೇಳುವುದು ಒಂದೇ ಪ್ರಶ್ನೆ: 'ಹೇಗೆ ಗೊತ್ತಾಯಿತು, ಸ್ವಾಮಿ?'