ಷರತ್ತು ಬೇರೆ, ಪರೀಕ್ಷೆ ಬೇರೆ

ಮೈಸೂರಿನ ಕಡೆ ಮನೆ ಕೊಳ್ಳುವವರು ಮೊದಲು ಕೇಳುವುದು ಕಾಗದಪತ್ರಗಳನ್ನು. ಮೂಲಪತ್ರ, ಖಾತೆ, ಋಣಭಾರ ಪತ್ರಗಳು ಕ್ರಮವಾಗಿದ್ದರೆ ಅರ್ಧ ಚಿಂತೆ ಕಳೆದಂತೆಯೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಪ್ರಾಂತದಲ್ಲಿ 2021ರ ವಸಂತಕಾಲದಲ್ಲಿ ನಾನೂ ನನ್ನ ಪತ್ನಿಯೂ ಮನೆಯನ್ನು ಅರಸತೊಡಗಿದಾಗ ತಿಳಿದುಬಂದ ಸಂಗತಿಯೆಂದರೆ, ಅಲ್ಲಿ ಪತ್ರಗಳ ಶೋಧನೆಯನ್ನು ವಕೀಲರು ವಹಿಸಿಕೊಳ್ಳುವರಾದರೂ, ಗೋಡೆ, ಸೂರು, ತಳಪಾಯಗಳ ಸ್ಥಿತಿಯನ್ನು ಅರಿಯುವ ಹೊಣೆ ಕೊಳ್ಳುವವನದೇ ಎಂಬುದು. ಸೀಸಮಿಶ್ರಿತ ಬಣ್ಣ, ಸೆಪ್ಟಿಕ್ ವ್ಯವಸ್ಥೆ ಇವೆರಡನ್ನುಳಿದು ಮಿಕ್ಕ ದೋಷಗಳನ್ನು ತಾನಾಗಿಯೇ ತಿಳಿಸಬೇಕೆಂಬ ನಿರ್ಬಂಧ ಮನೆ ಮಾರುವ ಗೃಹಸ್ಥನಿಗೆ ಅಲ್ಲಿಲ್ಲ. ಕೇಳಿದುದಕ್ಕೆ ಸುಳ್ಳು ಹೇಳಕೂಡದು, ಅಷ್ಟೇ.

ಆಗ ಸಾಲದ ಬಡ್ಡಿ ಶೇಕಡಾ 3ರ ಆಸುಪಾಸಿಗೆ ಇಳಿದು, ಮಾರಾಟಕ್ಕಿದ್ದ ಮನೆಗಳು ವಿರಳವಾಗಿ, ಒಂದೊಂದು ಮನೆಗೂ ಹಲವರು ಒಟ್ಟಿಗೆ ಆಫರ್ ಸಲ್ಲಿಸುತ್ತಿದ್ದರು. ಗೆಲ್ಲಬೇಕಾದರೆ ಇನ್‌ಸ್ಪೆಕ್ಷನ್ ಷರತ್ತನ್ನು, ಎಂದರೆ ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಮುಂಗಡವನ್ನು ಹಿಂಪಡೆದು ಕರಾರಿನಿಂದ ಬಿಡುಗಡೆ ಹೊಂದುವ ಹಕ್ಕನ್ನು, ತ್ಯಜಿಸಬೇಕೆಂದು ನಮ್ಮ ಏಜೆಂಟರು ಸಲಹೆಯಿತ್ತರು. ಮಾರುವವನ ಅಂಜಿಕೆಯೇನೆಂದು ವಿಚಾರಿಸಿದಾಗ, ಅವನು ಹೆದರುವುದು ಪರೀಕ್ಷೆಗಲ್ಲ, ಒಪ್ಪಂದವಾದ ಬಳಿಕ ಅದನ್ನು ನೆಪವಾಗಿಸಿಕೊಂಡು ನಡೆಯುವ ಚೌಕಾಶಿಗೆ ಎಂಬುದು ಸ್ಪಷ್ಟವಾಯಿತು. ಆದುದರಿಂದ ಆಫರಿಗೆ ಮುನ್ನವೇ, ನಮ್ಮದೇ ವೆಚ್ಚದಲ್ಲಿ, ಪರವಾನಗಿಯುಳ್ಳ ಪರೀಕ್ಷಕರನ್ನು ಕರೆತರಲು ಅನುಮತಿ ಬೇಡಿದೆವು. ಕೆಲವರು ಸಂತೋಷದಿಂದ ಒಪ್ಪಿದರು. ನಿರಾಕರಿಸಿದವರ ಮನೆಗಳನ್ನು, ಎಷ್ಟೇ ಮನೋಹರವಾಗಿದ್ದರೂ, ಬಿಟ್ಟುಬಿಟ್ಟೆವು.

ಹಾಗೆ ನೋಡಿಸಿದ ಒಂದು ಮನೆಯ ನೆಲಮಾಳಿಗೆಯಲ್ಲಿ, ಗೋಡೆಯ ಮೂಲೆಗಳಲ್ಲಿ ಹರಡಿದ್ದ ಬಲೆಯಂಥ ಬಿರುಕುಗಳ ಮುಂದೆ ಪರೀಕ್ಷಕರು ಬಹಳ ಹೊತ್ತು ನಿಂತರು. ಕನೆಕ್ಟಿಕಟ್ಟಿನ ಈಶಾನ್ಯ ಭಾಗದಲ್ಲಿಯೂ ಅದಕ್ಕೆ ಹೊಂದಿದ ಮ್ಯಾಸಚೂಸೆಟ್ಸ್ ಸೀಮೆಯಲ್ಲಿಯೂ, ಸುಮಾರು 1983ರಿಂದ 2015ರವರೆಗೆ ಕಟ್ಟಿದ ಅನೇಕ ಮನೆಗಳ ಕಾಂಕ್ರೀಟಿನಲ್ಲಿ ಪಿರೋಟೈಟ್ ಎಂಬ ಕಬ್ಬಿಣ-ಗಂಧಕಗಳ ಖನಿಜ ಸೇರಿಕೊಂಡಿದ್ದು, ಅದು ನೀರು ಮತ್ತು ಆಮ್ಲಜನಕಗಳ ಸಂಪರ್ಕದಿಂದ ವರ್ಷಾಂತರದಲ್ಲಿ ಉಬ್ಬಿ ತಳಪಾಯವನ್ನೇ ಪುಡಿಗೊಳಿಸುತ್ತದೆ. ಕಣ್ಣಿನಿಂದ ನಿಶ್ಚಯಿಸಲಾಗದು, ಕಾಂಕ್ರೀಟನ್ನು ಕೊರೆದು ಪ್ರಯೋಗಶಾಲೆಗೆ ಕಳುಹಿಸಬೇಕು ಎಂದರವರು. ಪರಿಹಾರವೆಂದರೆ ಮನೆಯನ್ನು ಎತ್ತಿ ನಿಲ್ಲಿಸಿ ಹೊಸ ತಳಪಾಯ ಹಾಕುವುದು. ಖರ್ಚು ಲಕ್ಷ ಡಾಲರನ್ನು ಮೀರುವುದುಂಟು. ಸಾಮಾನ್ಯ ಗೃಹವಿಮೆ ಅದನ್ನು ಭರಿಸುವುದಿಲ್ಲ. ಕೆಲವು ನೂರು ಡಾಲರುಗಳ ಪರೀಕ್ಷಾಶುಲ್ಕವನ್ನು ತೆತ್ತು, ಆ ಮನೆಗೆ ಆಫರ್ ಕೊಡದೆ ಹಿಂದಿರುಗಿದೆವು.

ಕೊನೆಗೆ ಕೊಂಡ ಮನೆಯೂ ನಿರ್ದುಷ್ಟವಾದುದಲ್ಲ. ಬಾಯ್ಲರ್ ಹಳೆಯದು, ಚಾವಣಿಯ ಹೊದಿಕೆ ಆಯುಷ್ಯ ತೀರುತ್ತ ಬಂದುದು. ಆದರೆ ಇವು ಬೆಲೆ ಕಟ್ಟಬಹುದಾದ ದೋಷಗಳು. ಆ ವೆಚ್ಚವನ್ನು ಲೆಕ್ಕಕ್ಕೆ ತಂದುಕೊಂಡು ಬೆಲೆ ನಿಶ್ಚಯಿಸಿ, ಮಾರುವವರಿಗೆ ಅನುಕೂಲವಾದ ದಿನಕ್ಕೆ ನೋಂದಣಿಯನ್ನು ಒಪ್ಪಿ, ಷರತ್ತಿಲ್ಲದ ಆಫರನ್ನು ನಿಶ್ಚಿಂತೆಯಿಂದ ಕೊಟ್ಟೆವು; ಅದು ಅಂಗೀಕೃತವಾಯಿತು. ರೇಡಾನ್ ಅನಿಲದ ಅಳತೆಗೆ ಕನಿಷ್ಠ 48 ಗಂಟೆ ಬೇಕಾದುದರಿಂದ ಅದನ್ನು ಮನೆ ಹೊಕ್ಕಮೇಲೆ ಮಾಡಿಸಿದೆವು. ಅದು ಮಿತಿಮೀರಿದರೂ ಫ್ಯಾನು, ಕೊಳವೆಗಳಿಂದ ಹೊರಹಾಕಬಹುದೆಂದು ಮೊದಲೇ ತಿಳಿದಿದ್ದೆವು. ಬೆಲೆ ಕಟ್ಟಬಹುದಾದ ದೋಷವನ್ನೂ ಬೆಲೆ ಕಟ್ಟಲಾಗದ ದೋಷವನ್ನೂ ವಿಂಗಡಿಸಿ ತೋರಿಸುವುದೇ ಪರೀಕ್ಷೆಯ ಪರಮಪ್ರಯೋಜನವೆಂದು ನಾನು ನಂಬಿದ್ದೇನೆ.

ಪರೀಕ್ಷೆಯ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ಆಫರನ್ನು ಒಪ್ಪುವೆನೆಂದು ಮಾರುವವನು ಹೇಳಕೂಡದೆಂಬ ನಿಯಮ ಮ್ಯಾಸಚೂಸೆಟ್ಸ್‌ನಲ್ಲಿ 2025ರ ಅಕ್ಟೋಬರ್ 15ರಿಂದ ಜಾರಿಗೆ ಬಂದಿದೆ. ಇದು ಸ್ವಾಗತಾರ್ಹವೇ ಸರಿ. ಆದರೂ ನಿಯಮವು ಅವಕಾಶವನ್ನು ಕೊಡಬಲ್ಲುದೇ ಹೊರತು ನಮ್ಮ ಪರವಾಗಿ ನೆಲಮಾಳಿಗೆಗೆ ಇಳಿಯಲಾರದು. ಹೊಸದಾಗಿ ಮನೆ ಅರಸುವ ಕನ್ನಡದ ತರುಣ ದಂಪತಿಗಳಿಗೆ ನಾನು ಹೇಳುವುದಿಷ್ಟು: ಮುಂಗಡದ ಜೊತೆಯಲ್ಲಿಯೇ ಪರೀಕ್ಷೆಯ ಹಣವನ್ನೂ ತೆಗೆದಿಡಿ, ಮನೆ ಹುಡುಕುವ ಮೊದಲೇ ಪರೀಕ್ಷಕರನ್ನು ಗೊತ್ತುಮಾಡಿಕೊಳ್ಳಿ, ಅವರೊಂದಿಗೆ ಕಡೆಯವರೆಗೂ ನಿಂತು ನೋಡಿ. ಬೆಲೆಯಲ್ಲಿ, ಗಡುವಿನಲ್ಲಿ, ಸಣ್ಣಪುಟ್ಟ ರಿಪೇರಿಗಳಲ್ಲಿ ಶಕ್ತ್ಯನುಸಾರ ಧಾರಾಳವಾಗಿರಿ. ನೋಡಿ ತಿಳಿಯುವ ಹಕ್ಕನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿ.