ಗಿಡಕ್ಕಿಂತ ಮೊದಲು ನೀರು, ಮಣ್ಣು

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಮನೆಗಳು ಒತ್ತೊತ್ತಾಗಿದ್ದವು. ಆದರೆ ಪೇಟೆಯ ಜೊತೆಗೇ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳನ್ನೂ ಅವರು ಕಟ್ಟಿಸಿದರು. ಇಂದು ಮಾಗಡಿ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟ್‌ಗಳು ಏಳುತ್ತಿರುವಾಗ ನಾವು ಕಲಿಯಬೇಕಾದ ಮೊದಲ ಪಾಠ ಇದೇ: ಮನೆಗಳು ಹೆಚ್ಚಿದಷ್ಟೂ ಹೊರಗಿನ ನೆಲವನ್ನು ಹೆಚ್ಚು ಯೋಚಿಸಿ ರೂಪಿಸಬೇಕು. ಅದೇ ಭೂದೃಶ್ಯ ವಿನ್ಯಾಸ.

ಹೊಸಬರು ಸಾಮಾನ್ಯವಾಗಿ ಗಿಡಗಳ ಪಟ್ಟಿಯಿಂದ ಆರಂಭಿಸುತ್ತಾರೆ. ನೀವು ನೀರಿನಿಂದ ಆರಂಭಿಸಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,000 ಚದರ ಮೀಟರ್. 50 ಮಿ.ಮೀ. ಮಳೆ ಸುರಿದ ದಿನ ಒಂದೆಕರೆ ನಿವೇಶನಕ್ಕೆ ಬೀಳುವುದು 2 ಲಕ್ಷ ಲೀಟರ್! ಚಾವಣಿಯ ನೀರು ಸಂಪಿಗೆ ಹೋಗಲಿ, ಉಳಿದದ್ದು ಇಂಗುಗುಂಡಿಗೆ ಹರಿಯಲಿ. ನಿವೇಶನದ ತಗ್ಗಿನ ಮೂಲೆಯನ್ನು ಕಟ್ಟಡಕ್ಕೆ ಬಿಟ್ಟುಕೊಡಬೇಡಿ.

ಆಮೇಲೆ ಮಣ್ಣು. ಕಾರು ನಿಲ್ಲಿಸಲು ಇಡೀ ನಿವೇಶನದಡಿ ಬೇಸ್‌ಮೆಂಟ್ ತೋಡಿದರೆ, ತೋಟ ನಿಲ್ಲುವುದು ಸ್ಲ್ಯಾಬಿನ ಮೇಲೆ. ಅಲ್ಲಿ ಹುಲ್ಲಿಗೆ ಸುಮಾರು ಒಂದಡಿ, ಪೊದೆಗಿಡಗಳಿಗೆ ಎರಡಡಿ, ಮರಕ್ಕೆ ಕನಿಷ್ಠ ನಾಲ್ಕಡಿ ಮಣ್ಣು ಬೇಕು. ಒಂದು ಚದರ ಮೀಟರಿನಲ್ಲಿ ಒಂದಡಿ ಹರಡಿದ ಒದ್ದೆ ಮಣ್ಣೇ ಅರ್ಧ ಟನ್ ದಾಟುತ್ತದೆ. ಆದ್ದರಿಂದ ಕಂಬಗಳ ಲೆಕ್ಕ ಮುಗಿಯುವ ಮುನ್ನವೇ ತೋಟದ ನಕ್ಷೆ ಇಂಜಿನಿಯರ್ ಕೈಸೇರಬೇಕು. ಒಂದಷ್ಟು ಜಾಗವನ್ನಾದರೂ ಅಗೆಯದೆ ಹಾಗೇ ಉಳಿಸಿ. ದೊಡ್ಡ ಮರಕ್ಕೆ ಬೇರಿಳಿಸಲು, ಮಳೆನೀರಿಗೆ ಇಂಗಲು ಅದೊಂದೇ ದಾರಿ.

ಇನ್ನು ಬಿಸಿಲು. ಎತ್ತರದ ಕಟ್ಟಡದ ಉತ್ತರಕ್ಕೆ ಚಳಿಗಾಲವಿಡೀ ನೆರಳು. ಅಲ್ಲಿ ಹುಲ್ಲುಹಾಸು ಸೊರಗುತ್ತದೆ, ನೆರಳು ತಾಳುವ ಗಿಡಗಳೇ ಸರಿ. ಪಶ್ಚಿಮಕ್ಕೆ ಹೊಂಗೆ, ಬೇವು ನೆಡಿ. ಬೇಸಿಗೆ ಕಾಯುವ ಹೊತ್ತಿಗೆ ಹೊಂಗೆ ಹೊಸ ಎಲೆ ತುಂಬಿಕೊಂಡು ತಂಪು ನೆರಳು ಕೊಡುತ್ತದೆ.

ಕೊನೆಗೆ ಜನ, ಇದೆಲ್ಲ ಇರುವುದೇ ಅವರಿಗಾಗಿ. ಮಕ್ಕಳ ಆಟದ ಜಾಗ ಕಾರಿನ ದಾರಿಯಿಂದ ದೂರವಿರಲಿ, ಆದರೆ ಮನೆಗಳ ಕಿಟಕಿಯಿಂದ ಕಾಣಲಿ. ಅಗ್ನಿಶಾಮಕ ವಾಹನದ ದಾರಿಗೆ ಮರ ಅಡ್ಡ ಬಾರದಿರಲಿ. ಹಿರಿಯರಿಗೆ ನಮ್ಮ ಊರುಗಳ ಅರಳಿಕಟ್ಟೆಯಂಥ ಕಟ್ಟೆಯೊಂದನ್ನು ಮರದಡಿ ಕಟ್ಟಿ. ನೂರಾರು ಮನೆಗಳ ಜನ ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಅಲ್ಲೇ.

ಕಲಿಯಲು ಶುರುಮಾಡುವವರಿಗೆ ನನ್ನ ಸಲಹೆ: ಜೋರು ಮಳೆ ನಿಂತ ಕೂಡಲೇ ನಿಮಗೆ ಗೊತ್ತಿರುವ ಒಂದು ಅಪಾರ್ಟ್‌ಮೆಂಟ್ ಸುತ್ತ ನಡೆಯಿರಿ. ನೀರು ಎಲ್ಲಿ ನಿಂತಿದೆ, ಎಲ್ಲಿಗೆ ಓಡುತ್ತಿದೆ ಎಂಬುದನ್ನು ಕಾಗದದಲ್ಲಿ ಬಾಣ ಹಾಕಿ ಗುರುತಿಸಿ. ಅದೇ ನಿಮ್ಮ ಮೊದಲ ನಕ್ಷೆ.