ರಜೆ ಮುಗಿಯುವುದರೊಳಗೆ ಹಳೇ ನೋಟ್‌ಬುಕ್ ತೆಗೆ

ಹುಲಿಹೈದರ

ಚಿರಂಜೀವಿ ಮಗಳಿಗೆ,

ಅವಕಲನದ ಪೇಪರ್ ಪಾಸಾದೆ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಮುಂದಿನ ಸೆಮಿಸ್ಟರಿಗೆ ಅನುಕಲನ, ಅದರ ಬೆನ್ನಿಗೇ ಶ್ರೇಣಿ. ಅದನ್ನು ನೆನೆದು ಈಗಲೇ ಸೊರಗಿದ್ದೀಯಂತೆ. ಅದಕ್ಕೇ ಈ ಕಾಗದ.

ನಾನು ಓದುವಾಗ ನಮ್ಮೂರು ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬಸ್ಸು ಕನಕಗಿರಿ ದಾಟಿ ಗಂಗಾವತಿ ಹತ್ತಿರ ಬರುತ್ತಿದ್ದಂತೆ ಒಣಬೇಸಾಯದ ಹೊಲ ಮುಗಿದು ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಯ ಭತ್ತದ ಗದ್ದೆ ಶುರುವಾಗುತ್ತಿತ್ತು. ಮಳೆಗಾಲದಲ್ಲಿ ಬಸ್ಸಿನ ತುಂಬ ಒಂದೇ ವಿಚಾರಣೆ: ಡ್ಯಾಮಿಗೆ ಒಳಹರಿವು ಎಷ್ಟು, ನೀರು ಎಷ್ಟು ಟಿಎಂಸಿ ಆಯಿತು? ನೋಡವ್ವಾ, ನೀನು ಹೆದರಿದ ವಿಷಯ ಇದೇ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಸುಮಾರು 11,574 ಕ್ಯೂಸೆಕ್ ಹಗಲೂ ರಾತ್ರಿ ಒಂದೇ ಸಮ ಬಂದರೆ ಒಂದು ಟಿಎಂಸಿ. ಆದರೆ ಹೊಳೆ ಒಂದೇ ಸಮ ಬರುವುದಿಲ್ಲ. ಗಳಿಗೆಗೊಮ್ಮೆ ಬದಲಾಗುವ ಹರಿವನ್ನು ಚೂರುಚೂರಾಗಿ ಕೂಡಿಸಿದರೆ ಅನುಕಲನ; ಕೂಡಿದ ನೀರಿನ ಲೆಕ್ಕದಿಂದ ಆ ಕ್ಷಣದ ಹರಿವನ್ನು ಕಂಡುಹಿಡಿದರೆ ಅವಕಲನ. ಕ್ಷಣದ ವೇಗವೆಂಬ ಈ ವಿಚಾರವನ್ನು ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲೇ ಗ್ರಹಗಳ ಗತಿಗೆ ಬಳಸಿದ್ದಾರೆ.

ಇಷ್ಟು ವರ್ಷ ಪಾಠ ಹೇಳಿದೆನಲ್ಲ, ಅನುಕಲನ ತಲೆಗೆ ಹತ್ತದೆ ಫೇಲಾದ ಮಕ್ಕಳನ್ನು ಕಂಡದ್ದು ಕಡಿಮೆ. ತ್ರಿಕೋನಮಿತಿಯ ಸೂತ್ರ ಮರೆತವರು, ಭಿನ್ನರಾಶಿ ಬಿಡಿಸಲು ಬಾರದವರು, ಮೈನಸ್ ಚಿಹ್ನೆ ಕೈಬಿಟ್ಟವರು, ಇವರೇ ಬಹಳ. ಆದೇಶ ವಿಧಾನವೆಂದರೆ ನೀನು ಕಲಿತ ಸರಪಣಿ ನಿಯಮವೇ, ಹಿಂದುಮುಂದಾಗಿ. ಭಾಗಶಃ ಅನುಕಲನ ಗುಣಲಬ್ಧದ ನಿಯಮದಿಂದ ಹುಟ್ಟಿದ್ದು. ಹಳೆಯದು ಕೈಗೆ ಕೂತಿದ್ದರೆ ಹೊಸದು ಅರ್ಧ ಬಂದ ಹಾಗೆಯೇ.

ಆದ್ದರಿಂದ ಈ ರಜೆಯಲ್ಲಿ ಹೊಸ ಗೈಡು ಕೊಳ್ಳಬೇಡ. ಹಳೇ ನೋಟ್‌ಬುಕ್ ತೆಗೆದು ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಅವಕಲನದ ಲೆಕ್ಕಗಳನ್ನು ಪುಸ್ತಕ ಮುಚ್ಚಿ ಬಿಡಿಸು. ಕಾಲೇಜು ಶುರುವಾದ ಮೇಲೆ ಪ್ರತಿ ಅನುಕಲನದ ಉತ್ತರವನ್ನೂ ತಿರುಗಿ ಅವಕಲಿಸಿ ನೋಡು. ಎಕ್ಸ್ ಕಾಸ್ ಎಕ್ಸ್ ಕೊಟ್ಟರೆಂದಿಟ್ಟುಕೋ. ಎಕ್ಸ್ ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್ ಎಂದು ಉತ್ತರ ಬರುತ್ತದೆ, ಕೊನೆಗೊಂದು ಸ್ಥಿರಾಂಕ. ಈಗ ಅವಕಲಿಸು: ಮೊದಲ ಪದದಿಂದ ಸೈನ್ ಎಕ್ಸ್ ಮತ್ತು ಎಕ್ಸ್ ಕಾಸ್ ಎಕ್ಸ್, ಎರಡನೆಯದರಿಂದ ಮೈನಸ್ ಸೈನ್ ಎಕ್ಸ್. ಸೈನುಗಳು ಹೊಡೆದುಹೋಗಿ ಕೊಟ್ಟ ಲೆಕ್ಕವೇ ಉಳಿಯಿತು. ಪುಸ್ತಕದ ಹಿಂದಿನ ಉತ್ತರ ನೋಡುವುದೂ ಬೇಡ, ಮೇಷ್ಟ್ರನ್ನು ಕೇಳುವುದೂ ಬೇಡ. ಗಣಿತದಲ್ಲಿ ಇಂಥ ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ, ಬಿಡಬೇಡ.

ಶ್ರೇಣಿಯ ವಿಷಯ ಮುಂದೆ ಬರೆಯುತ್ತೇನೆ. ಒಂದು, ಅರ್ಧ, ಮೂರನೆಯ ಒಂದು, ಕಾಲು ಎಂದು ಕೂಡಿಸುತ್ತ ಹೋದರೆ ಪದಗಳು ಸೊನ್ನೆಯತ್ತ ಇಳಿದರೂ ಮೊತ್ತ ಎಲ್ಲಿಯೂ ನಿಲ್ಲದೆ ಬೆಳೆಯುತ್ತದೆ, ಅಷ್ಟು ನೆನಪಿಟ್ಟುಕೊಂಡಿರು.

ವೇಳೆಗೆ ಸರಿಯಾಗಿ ಉಣ್ಣು, ರಾತ್ರಿ ಬಹಳ ಹೊತ್ತು ಕೂರಬೇಡ. ಬಿಡಿಸಿದ ಹಾಳೆಗಳ ಫೋಟೊ ತೆಗೆದು ವಾರಕ್ಕೊಮ್ಮೆ ನನಗೆ ಕಳಿಸು. ಅರ್ಧಕ್ಕೆ ನಿಂತ ಲೆಕ್ಕಗಳನ್ನು ಮೊದಲು ಕಳಿಸು.

ನಿನ್ನ ದೊಡ್ಡಪ್ಪ